ನೋಡ್ಕೋತೀನಿ ಎಂಬ ಮಾತಿನ ಅರ್ಥ

ನಮ್ಮೂರಿಗೆ ಸೊಸೆಯಾಗಿ ಬರುವ ಹೆಣ್ಣಿಗೆ ಅತ್ತೆಯಾದವಳು ಅಡುಗೆಮನೆ ತೋರಿಸುವ ಮೊದಲೇ ಒಂದು ಮಾತು ಹೇಳಿಬಿಡುತ್ತಾಳೆ. "ಇಲ್ಲಿ ಸಿಟ್ಟು ಬಂದ್ರೆ ಏನು ಬೇಕಾದ್ರೂ ಅನ್ನು, ಹಾಗೆ ಮಾಡ್ತೀನಿ ಹೀಗೆ ಮಾಡ್ತೀನಿ ಅಂತ ಮಾತ್ರ ಅನ್ನಬೇಡ." ಅಂದುಬಿಟ್ಟರೆ ಅದನ್ನು ಮಾಡಲೇಬೇಕಾಗುತ್ತದೆ. ಎಂಟು ದಿನದೊಳಗೆ ಮಾಡದಿದ್ದರೆ ಒಂಬತ್ತನೆಯ ದಿನ ಬೆಳಗ್ಗೆ ಅಂದವರ ಮಾತು ಬಿದ್ದುಹೋಗುತ್ತದೆ. ನಾಲಿಗೆ ಇರುತ್ತದೆ, ಉಂಡದ್ದರ ರುಚಿ ತಿಳಿಯುತ್ತದೆ, ದನಿ ಮಾತ್ರ ಇರುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಯ ಭಾಗೀರತಮ್ಮ ಮೂವತ್ತು ವರ್ಷದ ಹಿಂದೆ ಮಗಳಿಗೆ "ಕಾಲು ಮುರಿದು ಕೈಗೆ ಕೊಡ್ತೀನಿ" ಅಂದವಳು ಇವತ್ತಿಗೂ ಸನ್ನೆ ಮಾಡಿಯೇ ಸೊಪ್ಪು ಕೊಳ್ಳುತ್ತಾಳೆ. ಆ ಮಗಳು ದಿನಕ್ಕೆರಡು ಸಲ ತನ್ನ ಎರಡು ಕಾಲಲ್ಲಿ ನಡೆದುಬಂದು ತಾಯಿಯನ್ನು ಮಾತಾಡಿಸಿಕೊಂಡು ಹೋಗುತ್ತಾಳೆ.

ಹೀಗಿದ್ದರೂ ಊರು ನಡೆಯಬೇಕಲ್ಲ. ಅದಕ್ಕೇ ಮಾತಿನ ಕಚೇರಿ ಇದೆ, ಅದರಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅರ್ಥಗಾರ್ತಿ. ಬಾಯಿ ಜಾರಿದವರು ಗಡುವಿನೊಳಗೆ ನನ್ನ ಮೇಜಿನ ಮುಂದೆ ಬಂದು, ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಬೇಕು. ಆ ಮಾತಿಗೆ ಇರುವ ಅರ್ಥಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ಹುಡುಕಿ ಅರ್ಥದ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಬರೆದಷ್ಟನ್ನು ಮಾಡಿದರೆ ಅವರ ದನಿ ಉಳಿಯುತ್ತದೆ. "ಚಳಿ ಬಿಡಿಸ್ತೀನಿ" ಅಂದವನು ಹೋಗಿ ಒಂದು ಕಂಬಳಿ ಹೊದಿಸಿ ಬರುತ್ತಾನೆ. "ಗ್ರಹಚಾರ ಬಿಡಿಸ್ತೀನಿ" ಅಂದ ಹೆಡ್‌ಮಾಸ್ತರರು ಆ ವಿದ್ಯಾರ್ಥಿಯ ಹೆಸರಿನಲ್ಲಿ ನವಗ್ರಹ ಪೂಜೆ ಮಾಡಿಸಿ ಪ್ರಸಾದವನ್ನು ಅವನ ಕೈಗೇ ಕೊಟ್ಟರು. "ನಿನ್ನ ನೀರಿಳಿಸ್ತೀನಿ" ಅಂದ ಓರಗಿತ್ತಿ ಇನ್ನೊಬ್ಬಳ ತಲೆಯ ಮೇಲಿನ ಕೊಡ ಇಳಿಸಿಕೊಟ್ಟಳು. "ಮೂಳೆ ಮುರೀತೀನಿ" ಅಂದವರು ಎದುರಾಳಿಯ ಹತ್ತು ಬೆರಳಿನ ನೆಟಿಕೆ ಮುರಿದು ಎದ್ದುಹೋದದ್ದುಂಟು.

ಇಷ್ಟು ವರ್ಷ ಇದೇ ಕೆಲಸ ಮಾಡಿ ಹೆದರಿಸುವ ಮಾತುಗಳ ಕುಲಗೋತ್ರವೆಲ್ಲ ನನಗೆ ಬಾಯಿಪಾಠವಾಗಿತ್ತು. ಗದರುವುದರಲ್ಲಿ ದನಿ ಮಾತ್ರ ಇರುತ್ತದೆ, ಅದು ನಮ್ಮ ಕಚೇರಿಗೆ ಬರುವುದೇ ಇಲ್ಲ. ಬೆದರಿಸುವುದರಲ್ಲಿ ಮಾಡಬೇಕಾದ ಕೆಲಸವೊಂದು ಇರುತ್ತದೆ. ದಬಾಯಿಸುವವನಿಗೆ ಎದುರಿನವನ ತಪ್ಪು ಬೇಕಾಗಿಲ್ಲ, ತಪ್ಪು ತನ್ನದೇ ಆಗಿದ್ದರೆ ಇನ್ನೂ ಜೋರಾಗಿ ದಬಾಯಿಸುತ್ತಾನೆ. ಧಮಕಿ ಹಾಕುವವನು ಒಬ್ಬನೇ ಬರುವುದಿಲ್ಲ, ಹಿಂದೆ ಇಬ್ಬರು ಸುಮ್ಮನೆ ನಿಂತಿರುತ್ತಾರೆ. "ಗುಮ್ಮ ಬರ್ತಾನೆ" ಅನ್ನುವುದು ಬೆದರಿಕೆಯೋ ಅಲ್ಲವೋ ಎಂದು ಒಮ್ಮೆ ನಾಲ್ಕು ದಿನ ತಲೆ ಕೆಡಿಸಿಕೊಂಡು, ಬರುವವನು ಗುಮ್ಮನೇ ಹೊರತು ಅಮ್ಮನಲ್ಲ, ಆದ್ದರಿಂದ ಅಮ್ಮನ ದನಿಗೆ ಅಪಾಯವಿಲ್ಲ ಎಂದು ಬರೆದೆ. ಊರಿನ ತಾಯಂದಿರೆಲ್ಲ ಆ ವಾರ ನಮ್ಮ ಮನೆಗೆ ಹಣ್ಣು ಕಳಿಸಿದರು. ನನ್ನ ಕೆಲಸದ ಮೇಲೆ ನನಗೆ ಜಂಬ ಇತ್ತು, ಇರಲಿಲ್ಲವೆಂದು ಯಾಕೆ ಹೇಳಲಿ.

"ನೋಡ್ಕೋತೀನಿ" ಎಂಬ ಮಾತು ನನ್ನ ಮೇಜಿಗೆ ಬಂದದ್ದು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಚರಂಡಿಯ ಜಗಳದಲ್ಲಿ ಪಾತ್ರೆ ಅಂಗಡಿಯ ಅಣ್ಣ ತನ್ನ ತಮ್ಮನಿಗೆ "ನಿನ್ನ ನೋಡ್ಕೋತೀನಿ" ಅಂದುಬಿಟ್ಟಿದ್ದ. ಏನು ಮಾಡುತ್ತೇನೆಂದು ಆ ಮಾತಿನಲ್ಲಿ ಇಲ್ಲ, ಯಾವಾಗ ಎಂದೂ ಇಲ್ಲ. ತಾಯಿ ಮಗುವನ್ನು ನೋಡಿಕೊಳ್ಳುವುದಕ್ಕೂ ಅದೇ ಮಾತು, ಕೇಡಿಯೊಬ್ಬ ಸಾಕ್ಷಿ ಹೇಳಿದವನನ್ನು ನೋಡಿಕೊಳ್ಳುವುದಕ್ಕೂ ಅದೇ ಮಾತು. ನಾನು ಪೆನ್ನಿನ ತುದಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತು, "ಎದುರಿಗೆ ಇದ್ದು ನೋಡುವುದು" ಎಂದು ಬರೆದೆ. ಅಣ್ಣ ಅಲ್ಲಿಯೇ, ಜೊತೆಗೆ ಬಂದಿದ್ದ ತಮ್ಮನ ಎದುರಿಗೆ ನಿಂತು ಅವನ ಮುಖ ನೋಡಿದ. ತಮ್ಮ ನಕ್ಕ, ಅಣ್ಣನೂ ನಕ್ಕ, ಇಬ್ಬರೂ ಹೋಗಿ ಕಾಫಿ ಕುಡಿದರು. ಅಲ್ಲಿಂದ ಮುಂದೆ ಊರಿಗೆ ಬೇರೆ ಬೆದರಿಕೆಯೇ ಬೇಡವಾಯಿತು. ಸಿಟ್ಟು ಬಂದರೆ ನೋಡ್ಕೋತೀನಿ ಅನ್ನುವುದು, ಮಾರನೆಯ ದಿನ ಹೋಗಿ ನೋಡಿ ಬರುವುದು. ಅರ್ಥ ಎಲ್ಲರಿಗೂ ಗೊತ್ತಿದ್ದುದರಿಂದ ಬಹಳ ಜನ ಕಚೇರಿಗೂ ಬರುತ್ತಿರಲಿಲ್ಲ. ಹೊಡೆದಾಟ ಕಡಿಮೆಯಾಯಿತು, ನನಗೆ ಒಳ್ಳೆಯ ಹೆಸರು ಬಂತು.

ಪುಟ್ಟಗೌರಿ ಬಂದದ್ದು ಈ ವರ್ಷ ಒಂದು ಮಂಗಳವಾರ, ನಾನು ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಮಾರ್ಕೆಟ್ ರಸ್ತೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಅವಳದು. ಮೂವತ್ತರ ಆಸುಪಾಸಿನವಳು, ಕತ್ತಿನಲ್ಲಿ ಸದಾ ಅಳತೆಯ ಟೇಪು. ನನ್ನ ರವಿಕೆಗಳನ್ನೂ ಅವಳೇ ಹೊಲಿಯುತ್ತಿದ್ದುದರಿಂದ ಸಲಿಗೆಯಿಂದ ಕೂರು ಅಂದೆ. ಅವಳು ಕೂರಲಿಲ್ಲ.

"ಸಾಮಿಲ್ ತ್ರಿಯಂಬಕ ಗೊತ್ತಲ್ಲ ಮೇಡಂ," ಅಂದಳು. "ನನ್ನ ಮದುವೆ ಆಗ್ತೀನಿ ಅಂತ ಎರಡು ಸಲ ಹೇಳಿ ಕಳಿಸಿದ. ಆಗಲ್ಲ ಅಂದೆ. ಮೂರನೇ ಸಲ ಅವನೇ ಬಂದ. ಅಂಗಡೀಲಿ ನಾಲ್ಕು ಜನ ಹೆಂಗಸರಿದ್ರು, ಅವರ ಎದುರಿಗೇ ಆಗಲ್ಲ ಅಂದೆ. ನಗ್ತಾನೇ, ಆಯ್ತು, ನಿನ್ನ ನೋಡ್ಕೋತೀನಿ ಅಂದು ಹೋದ."

"ಅಷ್ಟೇನಾ," ಅಂದೆ. ನಿಜವಾಗಿಯೂ ಹಾಗೇ ಅಂದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. "ಬಂದು ನೋಡಿ ಹೋಗ್ತಾನೆ ಬಿಡು."

"ನಲವತ್ತು ದಿನದಿಂದ ನೋಡ್ತಾ ಇದ್ದಾನೆ."

ಅವಳ ಅಂಗಡಿಯ ಎದುರಿಗೆ, ರಸ್ತೆಯ ಆ ಬದಿಗೆ, ತ್ರಿಯಂಬಕ ಒಂದು ಕಬ್ಬಿಣದ ಕುರ್ಚಿ ಹಾಕಿಸಿದ್ದನಂತೆ. ಬೆಳಗ್ಗೆ ಅವಳು ಬಾಗಿಲು ತೆಗೆಯುವ ಹೊತ್ತಿಗೆ ಬಂದು ಕೂರುತ್ತಾನೆ, ಸಂಜೆ ಅವಳು ಬೀಗ ಹಾಕಿದ ಮೇಲೆ ಏಳುತ್ತಾನೆ. ಮಾತಿಲ್ಲ, ಸನ್ನೆ ಇಲ್ಲ, ಹಾಡಿಲ್ಲ, ಸೀಟಿ ಇಲ್ಲ. ಬರೀ ನೋಡುತ್ತಾನೆ. ಪೊಲೀಸ್ ಚೌಕಿಗೆ ಹೋದರೆ ಅಲ್ಲಿದ್ದವರು, "ಎದುರಿಗೆ ಇದ್ದು ನೋಡೋದು ಅಂತ ಕಚೇರಿಯೋರೇ ಬರೆದಿದ್ದಾರಲ್ಲಮ್ಮ, ಎಷ್ಟು ದಿನ ಅಂತ ಎಲ್ಲಿ ಬರೆದಿದ್ದಾರೆ, ಪಾಪ ಅವನು ಅವನ ದನಿ ಉಳಿಸಿಕೊಳ್ತಾ ಇದ್ದಾನೆ," ಅಂದರಂತೆ. ಅಳತೆ ಕೊಡಲು ಬರುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟಿದ್ದರು. ಅವಳು ಎಡಗೈಯ ತೋರುಬೆರಳು ಚಾಚಿದಳು. ಉಗುರಿನ ನಡುವೆ ಮಿಷನ್ನಿನ ಸೂಜಿ ಹೊಕ್ಕು ಹೊರಬಂದ ಕಪ್ಪು ಗುರುತಿತ್ತು.

"ಆ ಅರ್ಥ ಹೊಡೆದುಹಾಕಿ ಮೇಡಂ," ಅಂದಳು.

ಅದು ಆಗದ ಮಾತು ಎಂದು ತಿಳಿಸಿ ಹೇಳಿದೆ. ಪುಸ್ತಕದಲ್ಲಿ ಬರೆದ ಅರ್ಥಕ್ಕೆ ಒಂದಕ್ಷರ ಸೇರಿಸುವಂತಿಲ್ಲ, ಒಂದಕ್ಷರ ತೆಗೆಯುವಂತಿಲ್ಲ. ಇದ್ದರೆ ಪೂರಾ ಇರಬೇಕು, ಹೊಡೆದರೆ ಪೂರಾ ಹೊಡೆಯಬೇಕು. ಹೊಡೆದರೆ ಈ ಹದಿನೇಳು ವರ್ಷದಲ್ಲಿ ಆ ಅರ್ಥವನ್ನು ನಂಬಿ ನೋಡಿ ಬಂದು ದನಿ ಉಳಿಸಿಕೊಂಡವರ ಕಥೆ ಏನು? ಅವರ ಗಡುವೆಲ್ಲ ಎಂದೋ ಮುಗಿದಿದೆ, ಮಾರನೆಯ ಬೆಳಗ್ಗೆಯೇ ಮಾತು ಬೀಳುತ್ತದೆ. ಒಬ್ಬಳಿಗಾಗಿ ಅಷ್ಟು ಜನರನ್ನು ಮೂಕರನ್ನಾಗಿ ಮಾಡಲೇ? "ನೋಡೋದ್ರಿಂದ ಗಾಯ ಆಗಲ್ಲ ಗೌರಿ," ಅಂದೆ. "ನಿನ್ನ ಪಾಡಿಗೆ ನೀನಿರು. ಬೇಜಾರಾಗಿ ಅವನೇ ಎದ್ದು ಹೋಗ್ತಾನೆ."

ಅವಳು ದನಿ ಏರಿಸದೆ, ರವಿಕೆ ಗುರುವಾರಕ್ಕೆ ಕೊಡ್ತೀನಿ ಎಂದು ಹೇಳುವ ಹಾಗೆ, "ಹಾಗಾದ್ರೆ ನಿಮ್ಮನ್ನ ನೋಡ್ಕೋತೀನಿ ಮೇಡಂ," ಅಂದಳು. ನನ್ನ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. ಅರ್ಥಗಾರ್ತಿಗೆ ಬೆದರಿಕೆ ಹಾಕಿದವರು ನಮ್ಮೂರಲ್ಲಿ ಅದುವರೆಗೆ ಯಾರೂ ಇರಲಿಲ್ಲ.

ಸಂಜೆ ಮನೆಗೆ ಹೋಗಿ ಇದನ್ನು ನಮ್ಮ ಯಜಮಾನರಿಗೆ ಹೇಳಿದೆ. ಅವರ ಹೆಸರು ಪದ್ಮರಾಜಯ್ಯ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತಿಯಾದವರು. ಹಸುವಿಗೆ ಸೂಜಿ ಚುಚ್ಚುವಾಗಲೂ "ಏನೂ ಆಗಲ್ಲಮ್ಮ, ಏನೂ ಆಗಲ್ಲ" ಅನ್ನುತ್ತಿದ್ದವರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ನಮ್ಮ ಬೀದಿಯ ಹೆಂಗಸರು ತಮ್ಮ ಗಂಡಂದಿರಿಗೆ ಬುದ್ಧಿ ಹೇಳುವಾಗ ಅವರ ಹೆಸರನ್ನೇ ಎತ್ತುತ್ತಾರೆ. ಅವರು ನಕ್ಕು, "ನೋಡ್ಲಿ ಬಿಡು, ನೋಡೋ ಹಾಗಿದ್ದೀಯಲ್ಲ," ಅಂದರು. ನಾನೂ ನಕ್ಕೆ.

ಮಾರನೆಯ ದಿನ ಪುಟ್ಟಗೌರಿ ಒಂದು ಸ್ಟೂಲು ತಂದು ನನ್ನ ಮೇಜಿನ ಎದುರಿಗೆ ಹಾಕಿಕೊಂಡು ಕೂತಳು. ಕಚೇರಿ ಎಲ್ಲರದೂ ಆದ್ದರಿಂದ ಎಬ್ಬಿಸುವಂತಿರಲಿಲ್ಲ. ಮೊದಲ ದಿನ ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಮಧ್ಯಾಹ್ನ ಮಜ್ಜಿಗೆ ಕೊಡಲು ಹೋದೆ. ಅವಳು ಮಜ್ಜಿಗೆಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಎರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಬರೆಯುತ್ತಿದ್ದ ನನ್ನ ಕೈ ನನ್ನದಲ್ಲ ಅನ್ನಿಸತೊಡಗಿತು. ಮೂಗು ಕೆರೆದುಕೊಳ್ಳಬೇಕೆಂದರೆ ಯೋಚನೆ ಮಾಡಿ ಕೆರೆದುಕೊಳ್ಳಬೇಕು. ಸೆರಗು ಸರಿಪಡಿಸಿಕೊಂಡರೆ ಯಾಕೆ ಸರಿಪಡಿಸಿಕೊಂಡೆ ಅನ್ನಿಸುತ್ತದೆ. ಡಬ್ಬಿ ತೆರೆದೆ, ಹಾಗೇ ಮುಚ್ಚಿದೆ. ಮೂರನೆಯ ದಿನ ನಾನು ಹಿತ್ತಿಲ ಬಾಗಿಲಿನಿಂದ ಕಚೇರಿಯೊಳಗೆ ಹೋದೆ. ಒಳಗೆ ಕಾಲಿಟ್ಟ ಮೇಲೆ ಗೊತ್ತಾಯಿತು, ನಾನು ನನ್ನದೇ ಕಚೇರಿಗೆ ಕಳ್ಳಿಯ ಹಾಗೆ ಬಂದಿದ್ದೇನೆ ಎಂದು.

ಎದುರಿಗೆ ಕೂತಿದ್ದವಳು ನನ್ನ ರವಿಕೆ ಹೊಲಿಯುವ ಪುಟ್ಟಗೌರಿ. ಅವಳು ನನಗೆ ಏನೂ ಮಾಡುವವಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೂರು ದಿನಕ್ಕೆ ಹೀಗಾಗಿದ್ದೆ. ಅವಳ ಎದುರಿಗೆ ಕೂತಿದ್ದವನು ಮರದ ದಿಮ್ಮಿ ಸೀಳುವ ಗಂಡಸು, ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ, ನಲವತ್ತು ದಿನವಾಗಿತ್ತು. ಅವನಿಗೆ ಕುರ್ಚಿ ಹಾಕಿಕೊಟ್ಟವಳು ನಾನು. ಎಲ್ಲಕ್ಕಿಂತ ಹಗುರವಾದದ್ದು ಎಂದು ಹುಡುಕಿ ಬರೆದದ್ದು ಇದನ್ನೇ.

"ಸಾಕು ಗೌರಿ," ಅಂದೆ.

"ಗಾಯ ಆಯ್ತಾ ಮೇಡಂ?" ಅಂದಳು. ಕುಹಕವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು. ನಾನು ಆಯಿತು ಎಂದೆ. ಅವಳು ಸ್ಟೂಲು ಎತ್ತಿಕೊಂಡು ಹೋದಳು.

ಅಂದು ಸಂಜೆ ಯಜಮಾನರಿಗೆ ಹೇಳಿದೆ, ಆ ಅರ್ಥವನ್ನು ಹೊಡೆಯುತ್ತೇನೆ, ಅದರ ಜಾಗದಲ್ಲಿ "ಕೇಳಿದವರಿಗೆ ಏನು ಅರ್ಥವಾಯಿತೋ ಅದು" ಎಂದು ಬರೆಯುತ್ತೇನೆ ಎಂದು. ಹಾಗೆ ಬರೆದರೆ ತಮಾಷೆಗೆ ಅಂದವರಿಗೆ ತೊಂದರೆಯಿಲ್ಲ, ಪ್ರೀತಿಯಿಂದ ಅಂದವರಿಗೂ ಇಲ್ಲ. ಹೆದರಿಸಲೆಂದೇ ಅಂದು, ನೋಡಿಬಂದು ತಪ್ಪಿಸಿಕೊಂಡವರ ಮಾತು ಮಾತ್ರ ಬೀಳುತ್ತದೆ. ಪುಟ್ಟಗೌರಿ ನನಗೆ ಅಂದದ್ದೂ ಸರಿಹೋಗುತ್ತದೆ. ಹೀಗೆ ಕೂತರೆ ಹೇಗಿರುತ್ತದೆಂದು ನನಗೆ ಗೊತ್ತುಮಾಡಿಸುತ್ತಾಳೆ ಎಂದೇ ನಾನು ತಿಳಿದಿದ್ದೆ, ಅದನ್ನು ಅವಳು ಮಾಡಿಯೂ ಆಯಿತು. ನನಗೆ ಈ ಉಪಾಯ ಬಹಳ ಚೆನ್ನಾಗಿ ಕಂಡಿತ್ತು. ಯಜಮಾನರು ಲೋಟದಲ್ಲಿದ್ದ ಹಾಲನ್ನು ನೋಡುತ್ತ ಕೂತಿದ್ದರು.

"ಅಂದೋರ ಮನಸ್ಸಲ್ಲಿ ಏನಿತ್ತು ಅಂತ ಬೇಡ್ವಾ?" ಅಂದರು.

"ಅಂದೋರು ಆಮೇಲೆ ಏನು ಬೇಕಾದ್ರೂ ಹೇಳಬಹುದು. ಕೇಳಿದೋರಿಗೆ ಗೊತ್ತಿರುತ್ತಲ್ಲ."

"ಕೇಳಿದೋರಿಗೂ ಎಷ್ಟೋ ಸಲ ಗೊತ್ತಿರಲ್ಲ ಕಣೇ," ಅಂದರು. "ಒಬ್ಬಳಿಗೋಸ್ಕರ ಯಾಕೆ ಇಷ್ಟೆಲ್ಲ? ಬೇರೆ ಬೀದಿಗೆ ಅಂಗಡಿ ಹಾಕ್ಕೊಳ್ಳಲಿ. ಇಷ್ಟು ವರ್ಷ ನಡ್ಕೊಂಡು ಬಂದಿದೆ. ಯೋಚನೆ ಮಾಡು." ಅವರು ಹೀಗೆ ನನ್ನ ಕೆಲಸದ ವಿಷಯಕ್ಕೆ ಬಾಯಿ ಹಾಕಿದ್ದು ಅಪರೂಪ. ಊರಿನ ಜನರ ಮೇಲಿನ ಮರುಕ ಎಂದುಕೊಂಡೆ.

ಶನಿವಾರ ಸಂಜೆ ಐದು ಗಂಟೆಗೆ, ಪುಟ್ಟಗೌರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹೊಸದನ್ನು ಬರೆದೆ. ಪುಸ್ತಕದಲ್ಲಿ ಆ ಮಾತಿಗಾಗಿ ಬಂದವರ ಹೆಸರು ನಲವತ್ತೊಂದು ಇತ್ತು. ಮುಕ್ಕಾಲುಪಾಲು ಅಣ್ಣತಮ್ಮಂದಿರು, ಅತ್ತೆಸೊಸೆಯರು, ಬೀಗರು, ನನ್ನೆದುರಿಗೇ ನಕ್ಕು ಹೋದವರು. ಕಚೇರಿಗೆ ಬಾರದವರನ್ನು ಲೆಕ್ಕಕ್ಕೇ ಹಿಡಿಯದೆ, ಎಂಟು ಹತ್ತು ಜನರ ಮಾತು ಬೀಳಬಹುದು ಎಂದು ಅಂದಾಜು ಮಾಡಿದ್ದೆ. "ಅವನದ್ದಂತೂ ಬೀಳುತ್ತೆ," ಎಂದು ಪುಟ್ಟಗೌರಿಗೆ ಹೇಳಿದೆ. ಅವಳು ನಗಲಿಲ್ಲ, ಅಳಲೂ ಇಲ್ಲ, ಕತ್ತಿನಿಂದ ಟೇಪು ತೆಗೆದು ಸುತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು.

ಭಾನುವಾರ ಬೆಳಗ್ಗೆ ಯಜಮಾನರು ಇನ್ನೂ ಮಲಗಿದ್ದಾಗಲೇ ಹಾಲು ತರಲು ಹೊರಟೆ. ಹಾಲಿನವನು ನನ್ನನ್ನು ನೋಡಿ ಬಾಯಿ ತೆರೆದ, ಮುಚ್ಚಿದ, ಕೈ ಮುಂದೆ ಮಾಡಿ ಪಾತ್ರೆ ಕೇಳಿದ. ಅವನ ಹೆಸರು ನನ್ನ ಪುಸ್ತಕದಲ್ಲಿ ಇರಲಿಲ್ಲ. ಪೇಪರಿನವನು ಪೇಪರು ಎಂದು ಕೂಗದೆ ಎಸೆದು ಹೋದ. ಹೋಟೆಲಿನಲ್ಲಿ ಹತ್ತು ಹನ್ನೆರಡು ಗಂಡಸರು ಕೂತಿದ್ದರು, ಲೋಟದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದೇವಸ್ಥಾನದ ಮುಂದೆ ಅರ್ಚಕರು ಗಂಟಲು ಹಿಡಿದುಕೊಂಡು ನಿಂತಿದ್ದರು. ಪೊಲೀಸ್ ಚೌಕಿಯಲ್ಲಿ ಮೂವರಿದ್ದರು, ಮೂವರಿಗೂ ಇಲ್ಲ. ಹೈಸ್ಕೂಲಿನ ಇಂಗ್ಲಿಷ್ ಮೇಡಂ ಮನೆಯ ಜಗಲಿಯಲ್ಲಿ ಅಳುತ್ತ ಕೂತಿದ್ದರು, ಅಳುವಿಗೂ ದನಿ ಇರಲಿಲ್ಲ. ಪಾತ್ರೆ ಅಂಗಡಿಯ ಅಣ್ಣ ಬಾಗಿಲಲ್ಲಿ ಕಂಗೆಟ್ಟು ನಿಂತಿದ್ದ. ಅವನೂ. ತಮ್ಮ ಅಂದು ನಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಯಾಕೆ ನಕ್ಕ?

ನಾನು ಎಣಿಸುವುದನ್ನು ಬಿಟ್ಟೆ. ಎಂಟು ಹತ್ತು ಎಂದುಕೊಂಡಿದ್ದೆ, ಇಲ್ಲಿ ಬೀದಿಗೆ ಬೀದಿಯೇ ಸುಮ್ಮನಾಗಿತ್ತು. ಇಷ್ಟು ಜನ ಇನ್ನಿಷ್ಟು ಜನರಿಗೆ ಹೆದರಿಕೆ ಹುಟ್ಟಿಸಿ, ಮಾರನೆಯ ದಿನ ಹೋಗಿ ನೋಡಿಬಂದು, ನಮಸ್ಕಾರ ಮೇಡಂ ಎನ್ನುತ್ತ ನನ್ನೆದುರಿಗೇ ಓಡಾಡಿಕೊಂಡಿದ್ದರು. ಮಾರ್ಕೆಟ್ ರಸ್ತೆಯಲ್ಲಿ ಕಬ್ಬಿಣದ ಕುರ್ಚಿ ಖಾಲಿ ಇತ್ತು. ತ್ರಿಯಂಬಕ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು ಎರಡು ಕೈಯಿಂದ ಗಂಟಲು ಉಜ್ಜಿಕೊಳ್ಳುತ್ತಿದ್ದ. ಪುಟ್ಟಗೌರಿ ಅಂಗಡಿಯ ಬಾಗಿಲು ಪೂರಾ ತೆಗೆದು, ದಾರಿಯಲ್ಲಿ ಹೋಗುತ್ತಿದ್ದ ಒಬ್ಬಳಿಗೆ, "ಅಕ್ಕಾ, ನಿಮ್ಮ ರವಿಕೆ ಆಗಿದೆ, ಬಂದು ತಗೊಂಡು ಹೋಗಿ," ಅಂದಳು. ಮೆಲ್ಲಗೆ ಅಂದದ್ದು ರಸ್ತೆಯ ಆ ತುದಿಗೂ ಕೇಳಿಸಿತು.

ಇದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿ ಓಡುವ ಹಾಗೆ ಮನೆಗೆ ಬಂದೆ. ಯಜಮಾನರು ಎದ್ದು, ಉಳಿದಿದ್ದ ಹಾಲಿನಲ್ಲಿ ಕಾಫಿ ಮಾಡಿಕೊಂಡು, ಹಾಲ್‌ನಲ್ಲಿ ತಮ್ಮ ಜಾಗದಲ್ಲಿ ಕೂತಿದ್ದರು. ನಾನು ಹಾಲಿನವನಿಂದ ಶುರುಮಾಡಿ ಪೊಲೀಸರವರೆಗೆ ಒಂದೇ ಉಸಿರಿಗೆ ಹೇಳಿದೆ. "ಅರ್ಚಕರು ಕೂಡ ಅಂದ್ರೆ ನಂಬ್ತೀರಾ?" ಅಂದೆ. ಅವರು ಏನೂ ಅನ್ನಲಿಲ್ಲ. "ಏನಾದ್ರೂ ಹೇಳಿ," ಅಂದೆ. ಏನೂ ಅನ್ನಲಿಲ್ಲ. ಆಗ ಅವರ ಮುಖ ನೋಡಿದೆ. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಯಾರಿಗೆ?" ಅಂದೆ. "ಯಾರಿಗೆ ಅಂದಿದ್ರಿ?"

ಆಸ್ಪತ್ರೆಯಲ್ಲಿ ಯಾರಿಗಾದರೂ ಅಂದಿರಬಹುದು, ಯಾವನಾದರೂ ದನದ ವ್ಯಾಪಾರಿಗೆ ಅಂದಿರಬಹುದು ಎಂದು ನಾನೇ ನಾಲ್ಕು ಹೆಸರು ಹೇಳಿದೆ. ಅವರು ಲೋಟವನ್ನು ಕೆಳಗಿಟ್ಟು, ಬಲಗೈ ಎತ್ತಿ ನನ್ನ ಕಡೆಗೆ ಬೆರಳು ತೋರಿಸಿದರು.

ಯಾವಾಗ ಎಂದು ಕೇಳಬೇಕಾಗಲಿಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ತಂಗಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಮೂರು ತಿಂಗಳು ಹೋಗುತ್ತೇನೆ, ರಜೆ ಹಾಕಿದ್ದೇನೆ ಎಂದು ನಾನು ಹೇಳಿದಾಗ ಅವರು ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ, "ಹೋಗು. ನೋಡ್ಕೋತೀನಿ," ಅಂದಿದ್ದರು. ಮನೆ ನೋಡ್ಕೋತೀನಿ ಅಂದರು ಎಂದು ನಾನು ತಂಗಿಗೆ ಫೋನಿನಲ್ಲಿ ಹೇಳಿ ಹಿರಿಹಿರಿ ಹಿಗ್ಗಿದ್ದೆ. ಮಾರನೆಯ ಬೆಳಗ್ಗೆ ನಾನು ಬಟ್ಟೆ ಮಡಚಿ ಸೂಟ್‌ಕೇಸಿಗೆ ತುಂಬುತ್ತಿದ್ದಾಗ ಅವರು ಕೋಣೆಯ ಬಾಗಿಲಿಗೆ ಬಂದು, ಒಂದು ಮಾತೂ ಆಡದೆ, ಬಹಳ ಹೊತ್ತು ನನ್ನನ್ನೇ ನೋಡುತ್ತ ನಿಂತು ಹೊರಟುಹೋದರು. ಇಷ್ಟು ವರ್ಷವಾದ ಮೇಲೂ ಹೀಗೆ ನೋಡುತ್ತಾರಲ್ಲ ಎಂದು ನನಗೆ ನಾಚಿಕೆಯಾಗಿತ್ತು. ಆಮೇಲೆ ಯಾಕೋ ತಲೆನೋವು ಬಂತು. ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಬೀರುವಿನಲ್ಲಿ ಜೋಡಿಸಿದೆ. ತಂಗಿಯ ಮನೆಗೆ ಹೋಗಲಿಲ್ಲ.

"ನಾನು ಹಾಗೆ ತಿಳ್ಕೊಂಡಿರಲಿಲ್ಲ," ಅಂದೆ. ನನ್ನ ದನಿ ಗಟ್ಟಿಯಾಗಿಯೇ ಇತ್ತು. "ಮನೆ ನೋಡ್ಕೋತೀರಿ ಅಂತಲೇ ತಿಳ್ಕೊಂಡಿದ್ದೆ. ಕೇಳಿದೋರಿಗೆ ಏನು ಅರ್ಥವಾಯ್ತೋ ಅದೇ ಅರ್ಥ, ನಾನೇ ಬರೆದಿದ್ದೀನಿ. ನನಗೆ ಹೆದರಿಕೆ ಆಗಿರಲಿಲ್ಲ ಅಂದ್ರೆ ನಿಮ್ಮ ಮಾತು ಬೀಳೋ ಹಾಗೇ ಇಲ್ಲ. ಮಾತಾಡಿ."

ಅವರು ಬಾಯಿ ತೆರೆದರು. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. ಏನೂ ಬರಲಿಲ್ಲ.

"ಇನ್ನೊಂದು ಸಲ," ಅಂದೆ.